ಹದಿನೈದರ ಮಗ್ಗಿಯವರೆಗೆ ಒಂದು ಸುತ್ತು

ನಮ್ಮ ರೇಸಿಂಗ್ ಟೀಮಿನಲ್ಲಿ ನನ್ನ ಕೆಲಸ ಚಿತ್ರಾನ್ನ ಕಲಸುವುದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಫಾರ್ಮಿನಲ್ಲಿ ನನ್ನ ಹೆಸರಿನ ಮುಂದೆ 'ಮೀಸಲು ಚಾಲಕಿ' ಎಂದೇ ಇತ್ತು. ಆದರೆ ಮೀಸಲು ಎಂದರೆ ಫಾರ್ಮ್ ತುಂಬಲಿಕ್ಕೆ ಬೇಕಾದ ಒಂದು ಹೆಸರು ಎನ್ನುವುದು ಟೀಮಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಲೇಷ್ಯಾದ ನಿಲಾಯ್‌ನ ಒಂದು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವಳು ನಾನು. ಮನೆಯಿಂದ ಕಾಲೇಜಿಗೆ ಹನ್ನೆರಡು ನಿಮಿಷದ ದಾರಿ. ಆ ದಾರಿಯಲ್ಲಿ ಸ್ಕೂಟರಿನವರೂ ನನ್ನನ್ನು ಹಿಂದೆ ಹಾಕುತ್ತಾರೆ.

ಟೀಮು ಕಟ್ಟಿದ್ದು ನನ್ನ ಗಂಡ. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ, ಐವತ್ತಕ್ಕೆ ಒಂದು ವರ್ಷ ಬಾಕಿ. ಆ ವಯಸ್ಸಿನಲ್ಲಿ ಕೆಲವರಿಗೆ ಯೋಗ ಹಿಡಿಯುತ್ತದೆ, ಕೆಲವರಿಗೆ ಬೆಳಗಿನ ಓಟ ಹಿಡಿಯುತ್ತದೆ. ಇವರಿಗೆ ಇಪ್ಪತ್ತು ವರ್ಷ ಹಳೆಯದೊಂದು ಪುಟ್ಟ ಕಾರು ಹಿಡಿಯಿತು. ಪಕ್ಕದ ಮನೆಯಲ್ಲಿ ಬಸ್ ಡಿಪೋದ ವರ್ಕ್‌ಶಾಪಿನಿಂದ ನಿವೃತ್ತರಾದ ತಮಿಳರೊಬ್ಬರಿದ್ದಾರೆ. ಬೀದಿಯವರೆಲ್ಲ ಅವರನ್ನು 'ಅಣ್ಣೆ' ಎನ್ನುತ್ತೇವೆ, ಅವರು ನನ್ನನ್ನು 'ತಂಗಚ್ಚಿ' ಎನ್ನುತ್ತಾರೆ. ಅವರಿಬ್ಬರೂ ಸೇರಿ ಒಂದು ವರ್ಷದ ಶನಿವಾರಗಳನ್ನೆಲ್ಲ ತಿಂದು, ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಪಂಜರ ಕೂಡಿಸಿ, ಕಾರಿಗೆ ಬೂದುಗುಂಬಳಕಾಯಿಯ ಬಣ್ಣ ಬಳಿದರು. ಯಾಕೆ ಆ ಬಣ್ಣ ಎಂದರೆ, ಅಂಗಡಿಯಲ್ಲಿ ಅದು ಎರಡು ಡಬ್ಬಿ ಉಳಿದಿತ್ತಂತೆ.

ಎರಡನೇ ಚಾಲಕ ನನ್ನ ಸಹೋದ್ಯೋಗಿ, ಅರಿವಳಿಕೆ ಡಾಕ್ಟರು. ಮಣಿಪಾಲದವರು. ಮಾತು ಎಷ್ಟು ನಿಧಾನವೆಂದರೆ, ರೋಗಿಗೆ ಇಂಜೆಕ್ಷನ್ನಿನ ಅಗತ್ಯವೇ ಇಲ್ಲ, ಇವರು ಹತ್ತು ವಾಕ್ಯ ಮಾತಾಡಿದರೆ ಸಾಕು ಎಂದು ಕಾಲೇಜಿನಲ್ಲಿ ತಮಾಷೆ ಮಾಡುತ್ತಾರೆ. ಅದೇ ಮನುಷ್ಯ ಹೆಲ್ಮೆಟ್ ಹಾಕಿದರೆ ಬೇರೆಯೇ ಪ್ರಾಣಿ. ಮೂರನೆಯವರು ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿರುವ ಬೆಂಗಳೂರಿನ ಗೆಳೆಯರು, ಆರಡಿ ಎತ್ತರ. ಕಾರಿನೊಳಗೆ ಅವರು ಮಡಚಿಟ್ಟ ಕೊಡೆಯ ಹಾಗೆ ಕೂರುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಆ ಎತ್ತರದವರ ಫೋನು ಬಂತು. ಹಲ್ಲುಜ್ಜಲು ಬಗ್ಗಿದವರಿಗೆ ಮತ್ತೆ ನೆಟ್ಟಗಾಗಲು ಆಗಿಲ್ಲವಂತೆ, ಬೆನ್ನು ಹಿಡಿದುಕೊಂಡಿದೆಯಂತೆ. ನನ್ನ ಗಂಡ ಫೋನ್ ಕೆಳಗಿಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ನನ್ನನ್ನೇ ನೋಡಿದರು.

"ಇಲ್ಲ," ಎಂದೆ.

"ನಾನಿನ್ನೂ ಏನೂ ಕೇಳಲೇ ಇಲ್ಲವಲ್ಲ."

"ಕೇಳೋದು ಬೇಡ ರೀ. ಇಲ್ಲ ಅಂದ್ರೆ ಇಲ್ಲ."

"ಮೂರು ಜನ ಓಡಿಸಲೇಬೇಕು ಅಂತ ರೂಲ್ಸು. ಇಬ್ಬರೇ ಆದ್ರೆ ಗೇಟಿನಿಂದಲೇ ವಾಪಸ್."

ಅಷ್ಟರಲ್ಲಿ ಅತ್ತೆ ಹಾಲ್‌ನಿಂದ ಬಂದರು. ಎರಡು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಪ್ರೈಮರಿ ಸ್ಕೂಲಿನಲ್ಲಿ ಮೂವತ್ತೆಂಟು ವರ್ಷ ಪಾಠ ಮಾಡಿದವರು. ಎಪ್ಪತ್ತೆರಡರಲ್ಲೂ ದನಿ ಕೊನೆಯ ಬೆಂಚಿಗೆ ಕೇಳುತ್ತದೆ. ಆಗಲೇ ಸೀರೆಯುಟ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕೋಡುಬಳೆಯ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ತಯಾರಾಗಿದ್ದರು. "ಹೋಗೇ, ಓಡಿಸು. ಮಗ ಓಡಿಸೋದು ನೋಡೋಕೆ ಅಂತ ಹೊರಟಿದ್ದೆ. ಸೊಸೆ ಓಡಿಸೋದು ಸಿಕ್ಕರೆ ಇನ್ನೂ ಒಳ್ಳೇದಾಯ್ತು," ಎಂದರು.

ಹಾಗೆ ತೀರ್ಮಾನವಾಯಿತು. ನನ್ನ ಕೈಯಲ್ಲಿ ಇನ್ನೂ ಒಗ್ಗರಣೆ ಸೌಟು ಇತ್ತು.

ಟ್ರ್ಯಾಕು ಇರುವುದು ಏರ್‌ಪೋರ್ಟಿನ ಕಡೆ, ನಮ್ಮ ಮನೆಯಿಂದ ಅರ್ಧ ಗಂಟೆ. ಎಣ್ಣೆತಾಳೆಯ ತೋಟಗಳ ನಡುವೆ ಸಾಗಿ ಗೇಟು ದಾಟಿದರೆ ದೊಡ್ಡ ದೊಡ್ಡ ಗ್ಯಾರೇಜುಗಳ ಸಾಲು. ಅವುಗಳ ಮುಂದೆ ಬಗೆಬಗೆಯ ಕಾರುಗಳು. ಕೆಲವು ನೆಲಕ್ಕೆ ಅಂಟಿಕೊಂಡ ಹಾಗೆ, ಕೆಲವು ಬೆನ್ನ ಮೇಲೆ ರೆಕ್ಕೆ ಹೊತ್ತುಕೊಂಡು. ನಮ್ಮದನ್ನು ಟ್ರೈಲರಿನಿಂದ ಇಳಿಸಿದಾಗ ಪಕ್ಕದ ಗ್ಯಾರೇಜಿನವನೊಬ್ಬ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕ್ಯೂಟ್ ಲಾ," ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿ ಹೋದ. ಅದು ಹೊಗಳಿಕೆಯೋ ಅವಮಾನವೋ ಗೊತ್ತಾಗದೆ ನನ್ನ ಗಂಡ ಬಹಳ ಹೊತ್ತು ತಲೆಬಿಸಿ ಮಾಡಿಕೊಂಡರು.

ಅವತ್ತಿನದು ಯಾರು ಮೊದಲು ಬರುತ್ತಾರೆ ಎನ್ನುವ ಸ್ಪರ್ಧೆ ಅಲ್ಲ. ನಮ್ಮಂಥ ಹವ್ಯಾಸಿಗಳು ಒಬ್ಬರಿಗೊಬ್ಬರು ಗುದ್ದಿಕೊಳ್ಳಬಾರದೆಂದು ಬೇರೆ ಒಂದು ಆಟ ಮಾಡಿದ್ದರು. ಒಂದು ಸುತ್ತನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತೇನೆ ಎಂದು ಪ್ರತಿಯೊಬ್ಬ ಚಾಲಕನೂ ಬೆಳಿಗ್ಗೆಯೇ ಬರೆದುಕೊಡಬೇಕು. ಆಮೇಲೆ ಅರ್ಧ ಗಂಟೆ ಓಡಿಸಬೇಕು. ಬರೆದುಕೊಟ್ಟ ಸಮಯಕ್ಕೆ ಹತ್ತಿರವಾದ ಐದು ಸುತ್ತುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಯಾರ ವ್ಯತ್ಯಾಸ ಕಡಿಮೆಯೋ ಅವರು ಗೆದ್ದ ಹಾಗೆ. ಆದರೆ ಕಾರಿನಲ್ಲಿ ಗಡಿಯಾರ ಇರಕೂಡದು, ಫೋನ್ ಇರಕೂಡದು. ಕೈಗಡಿಯಾರ ಬಿಚ್ಚಿ ಕೊಡಬೇಕು. ಡ್ಯಾಶ್‌ಬೋರ್ಡಿನ ಗಡಿಯಾರಕ್ಕೆ ಅವರೇ ಬಂದು ಕಪ್ಪು ಟೇಪು ಅಂಟಿಸುತ್ತಾರೆ.

ಮೇಜಿನ ಹಿಂದೆ ಕೂತಿದ್ದ ಮಲಯ ಹೆಂಗಸು ನನ್ನ ಸಮಯ ಕೇಳಿದಳು. ನನ್ನ ಗಂಡ ಮೂರು ನಿಮಿಷ ಬರೆದಿದ್ದರು, ಡಾಕ್ಟರು ಎರಡು ನಿಮಿಷ ಐವತ್ತು ಸೆಕೆಂಡು. ಹಿಂದಿನ ತಿಂಗಳು ಕಡ್ಡಾಯದ ಅರ್ಧ ದಿನದ ತರಬೇತಿಯಲ್ಲಿ ಮೇಷ್ಟ್ರ ಕಾರಿನ ಬೆನ್ನುಹತ್ತಿ ನಾನು ನಾಲ್ಕು ಸುತ್ತು ಹೊಡೆದಿದ್ದೆ. ಅದನ್ನು ನೆನಪು ಮಾಡಿಕೊಂಡು ಮೂರೂವರೆ ನಿಮಿಷ ಎಂದೆ.

"ಮೂರೂವರೆನಾ!" ಎಂದರು ನನ್ನ ಗಂಡ. "ಇಲ್ಲಿನ ಹುಲ್ಲು ಕತ್ತರಿಸೋ ಗಾಡಿ ಅದಕ್ಕಿಂತ ಜೋರಾಗಿ ಹೋಗುತ್ತೆ."

ಬರೆದಾಗಿತ್ತು. ಆ ಹೆಂಗಸು ನನ್ನ ಮುಖ ನೋಡಿ, "ರಿಲ್ಯಾಕ್ಸ್, ಕಾಕ್," ಎಂದಳು. ಇಲ್ಲಿ ಅಕ್ಕನಿಗೆ ಕಾಕ್ ಎನ್ನುತ್ತಾರೆ.

ಮೊದಲ ಸರದಿ ನನ್ನ ಗಂಡನದು. ಎರಡು ಸುತ್ತು ಚೆನ್ನಾಗಿಯೇ ಹೋದರು. ಆಮೇಲೆ 'ಕ್ಯೂಟ್' ಎಂದು ಹೇಳಿದವನ ಕಾರು ಮುಂದೆ ಕಂಡಿತು. ಅಲ್ಲಿಗೆ ಮುಗಿಯಿತು. ಮೂರು ನಿಮಿಷವೂ ಇಲ್ಲ, ಲೆಕ್ಕವೂ ಇಲ್ಲ, ಅವನ ಕಾರನ್ನು ಹಿಂದೆ ಹಾಕುವುದೊಂದೇ. ಮುಖ್ಯ ನೇರದಾರಿಯಲ್ಲಿ ನಮ್ಮ ಬೂದುಗುಂಬಳ ಅವನ ಕಾರಿನ ಪಕ್ಕಪಕ್ಕಕ್ಕೇ ಬಂದಾಗ ಅತ್ತೆ ಎದ್ದು ನಿಂತು, "ಬಿಡಬೇಡ ಕಣೋ!" ಎಂದು ಕೂಗಿದರು. ಡಾಕ್ಟರು ನಿಧಾನವಾಗಿ ಹೇಳಿದರು: "ಅಮ್ಮ... ಹಾಗೆ... ಹೇಳ್ಬಾರದು. ನಾವು ಸೋಲ್ತಾ ಇದ್ದೇವೆ."

ಸೋತದ್ದಷ್ಟೇ ಅಲ್ಲ. ಕಾರು ಹಿಂತಿರುಗಿ ಬಂದಾಗ ಅದರ ಸದ್ದೇ ಬೇರೆಯಾಗಿತ್ತು. ಸೈಲೆನ್ಸರ್ ಕೊಳವೆಗೆ ಹೆಬ್ಬೆರಳು ತೂರುವಷ್ಟು ತೂತು. ಆ ಟ್ರ್ಯಾಕಿನಲ್ಲಿ ಸದ್ದಿಗೆ ಮಿತಿಯುಂಟು, ಮೀರಿದರೆ ಹೊರಗೆ. ಅಧಿಕಾರಿಯೊಬ್ಬರು ಬಂದು, ಸರಿಮಾಡಿದರೆ ಮಾತ್ರ ಮುಂದಿನ ಸರದಿ ಎಂದು ಹೇಳಿ ಹೋದರು. ಅಣ್ಣೆ ಕಾರಿನಡಿ ತೂರಿ, ಅಲ್ಲಿಂದಲೇ, "ತಗಡು ಬೇಕು, ತಂಗಚ್ಚಿ, ತಗಡು!" ಎಂದರು.

ಎಲ್ಲಿಂದ ತರುವುದು? ಡಾಕ್ಟರು ಪಕ್ಕದ ಗ್ಯಾರೇಜಿಗೆ ಹೋದರು, ಅಲ್ಲಿ ಇರಲಿಲ್ಲ. ನಾನು ಕಸದ ಬುಟ್ಟಿ ನೋಡಿದೆ, ಬರೀ ಪ್ಲಾಸ್ಟಿಕ್ ಬಾಟಲಿ. ಅತ್ತೆ ಎರಡು ನಿಮಿಷ ನಮ್ಮ ಓಡಾಟ ನೋಡಿದರು. ಆಮೇಲೆ ಒಂದು ನ್ಯೂಸ್‌ಪೇಪರ್ ಹಾಸಿ, ಕೋಡುಬಳೆಗಳನ್ನೆಲ್ಲ ಅದರ ಮೇಲೆ ಸುರಿದು, ಖಾಲಿ ಡಬ್ಬಿಯನ್ನು ಕಾರಿನಡಿಗೆ ನೂಕಿದರು.

"ಇದು ನಡೆಯುತ್ತೇನಪ್ಪಾ?"

ಕಾರಿನಡಿಯಿಂದ ಡಬ್ಬಿಯನ್ನು ಬೆರಳಿನಿಂದ ಟಣ್ ಟಣ್ ಎಂದು ಬಡಿದ ಸದ್ದು. "ಫಸ್ಟ್ ಕ್ಲಾಸ್!"

ಕತ್ತರಿಯಿಂದ ಡಬ್ಬಿ ಸೀಳಿ, ಕೊಳವೆಗೆ ಸುತ್ತಿ, ತಂತಿಯಿಂದ ಬಿಗಿದರು. ಎಂಜಿನ್ ಶುರು ಮಾಡಿದಾಗ ಮೊದಲು ಬಂದದ್ದು ಸದ್ದಲ್ಲ, ಇಂಗಿನ ವಾಸನೆ. ಕಾದ ಡಬ್ಬಿಯಿಂದ ವರ್ಷಗಟ್ಟಲೆಯ ಎಣ್ಣೆ, ಓಮ, ಇಂಗು ಎಲ್ಲ ಹೊಗೆಯಾಗಿ ಎದ್ದಿತು. ಸದ್ದು ಅಳೆಯುವ ಯಂತ್ರ ಹಿಡಿದು ಬಂದ ಅಧಿಕಾರಿ ಮೂಗೆಳೆದು, ಯಂತ್ರ ನೋಡಿ, ಮತ್ತೆ ಮೂಗೆಳೆದು ಹೆಬ್ಬೆರಳೆತ್ತಿದರು. ಹೋಗುವಾಗ ಪೇಪರಿನ ಮೇಲಿಂದ ಎರಡು ಕೋಡುಬಳೆ ಎತ್ತಿಕೊಂಡೇ ಹೋದರು.

ಡಾಕ್ಟರು ಎರಡನೇ ಸರದಿಗೆ ಹೊರಟರು. ಅವರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎಂಟು ಗಂಟೆಯ ಆಪರೇಷನ್ನಿನಲ್ಲಿ ರೋಗಿಯ ಉಸಿರು ಎಣಿಸುತ್ತ ಕೂರುವ ಮನುಷ್ಯ. ಸುತ್ತಿನ ಮೇಲೆ ಸುತ್ತು ಒಂದೇ ಹದದಲ್ಲಿ ಸುತ್ತಿದರು. ಅಷ್ಟು ಹೊತ್ತೂ ನಾನು ಗ್ಯಾರೇಜಿನ ಹಿಂದೆ ನಿಂತು ನೀರು ಕುಡಿಯುವುದು, ಟಾಯ್ಲೆಟ್ಟಿಗೆ ಹೋಗುವುದು, ಮತ್ತೆ ನೀರು ಕುಡಿಯುವುದು, ಇಷ್ಟೇ ಮಾಡುತ್ತಿದ್ದೆ. ಅಡ್ರಿನಲಿನ್ ಏನೇನು ಮಾಡುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುವವಳಿಗೆ ಅದು ಹೀಗೆ ನೀರಿಗೂ ಟಾಯ್ಲೆಟ್ಟಿಗೂ ಓಡಾಡಿಸುತ್ತದೆ ಎಂದು ಗೊತ್ತಿರಲಿಲ್ಲ.

ಅತ್ತೆ ಬಂದು ಪಕ್ಕದಲ್ಲಿ ನಿಂತರು. "ಏನೇ, ಯಾಕೆ ಹೀಗಾಡ್ತೀಯಾ?"

"ಗಡಿಯಾರ ಇಲ್ಲದೆ ಮೂರೂವರೆ ನಿಮಿಷ ಅಂತ ಹೇಗೆ ಗೊತ್ತಾಗೋದು ಅತ್ತೆ? ಇವರಾದರೂ ಅಭ್ಯಾಸ ಮಾಡಿದಾರೆ."

"ಮಗ್ಗಿ ಬರುತ್ತಾ ನಿಂಗೆ?"

ನನಗೆ ಅರ್ಥವಾಗಲಿಲ್ಲ.

"ಮಗ್ಗಿ ಕಣೇ. ನಮ್ಮ ಸ್ಕೂಲಲ್ಲಿ ಗಡಿಯಾರ ಕೆಟ್ಟು ವರ್ಷವಾದರೂ ರಿಪೇರಿ ಮಾಡಿಸ್ತಿರಲಿಲ್ಲ. ಮಕ್ಕಳು ಎರಡರಿಂದ ಇಪ್ಪತ್ತರವರೆಗೆ ಒಂದೇ ರಾಗದಲ್ಲಿ ಹೇಳಿದರೆ ಐದು ನಿಮಿಷಕ್ಕೆ ಹತ್ತಿರ. ಅಷ್ಟು ಕೇಳಿಯೇ ನಾನು ಬೆಲ್ ಹೊಡೆಸ್ತಿದ್ದೆ. ಹೇಳು, ನೋಡೋಣ," ಎಂದು ಹೇಳಿ ಕೈಗಡಿಯಾರ ಕಣ್ಣ ಹತ್ತಿರ ಹಿಡಿದರು.

ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ ಕಲಿತವಳು ನಾನು. ನಲವತ್ತಾರು ವರ್ಷದವಳು, ಎರಡು ಡಿಗ್ರಿಯವಳು, ಮಲೇಷ್ಯಾದ ಒಂದು ರೇಸ್ ಟ್ರ್ಯಾಕಿನ ಟಾಯ್ಲೆಟ್ಟಿನ ಪಕ್ಕ ಕೈಕಟ್ಟಿ ನಿಂತು ಶುರುಮಾಡಿದೆ: "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು..." ಮೊದಲ ಸಲ ಹದಿನೈದರ ಮಗ್ಗಿ ಮುಗಿದಾಗ ಮೂರು ನಿಮಿಷವೂ ಆಗಿರಲಿಲ್ಲ.

"ಯಾಕೆ ಓಡ್ತೀಯಾ? ಯಾರು ಅಟ್ಟಿಸಿಕೊಂಡು ಬಂದಿದಾರೆ? ರಾಗವಾಗಿ ಹೇಳು."

ರಾಗವಾಗಿ ಹೇಳಿದೆ. ಮತ್ತೆ ಹೇಳಿದೆ. ಊಟದ ಹೊತ್ತಿನಲ್ಲಿ ಚಿತ್ರಾನ್ನ ಬಾಯಿಗಿಡುತ್ತಲೇ ಹೇಳಿದೆ. ಆರನೆಯ ಸಲಕ್ಕೆ ಹದಿನೈದ್ಹತ್ಲ ನೂರೈವತ್ತು ಎನ್ನುವಾಗ ಅತ್ತೆ ಗಡಿಯಾರದಿಂದ ಕಣ್ಣೆತ್ತಿ ಮೂರು ನಿಮಿಷ ಮೂವತ್ತೊಂದು ಸೆಕೆಂಡು ಎಂದರು. "ಒಂದು ಸೆಕೆಂಡಿಗೆ ನಾನು ಮಾರ್ಕ್ಸ್ ಕಳೆಯಲ್ಲ."

ಬಟ್ಟೆಯದು ಇನ್ನೊಂದು ಕತೆ. ರೇಸಿನ ಸೂಟು ಆ ಎತ್ತರದ ಗೆಳೆಯರದು, ನಮ್ಮ ಡಿಕ್ಕಿಯಲ್ಲೇ ಇತ್ತು. ನಾನು ತೊಟ್ಟಾಗ ಕಾಲಿನ ತುದಿ ಎಲ್ಲೋ ಮುಂದೆ ಖಾಲಿಯಾಗಿ ಬಿದ್ದಿತ್ತು. ನಾಲ್ಕು ಮಡಿಕೆ ಮಡಚಿ, ಅತ್ತೆ ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೆಲ್ಲ ಅದಕ್ಕೆ ಚುಚ್ಚಿದರು. ಹೆಲ್ಮೆಟ್ ಹಾಕಿ ಕನ್ನಡಿ ನೋಡಿಕೊಂಡೆ. ಚಳಿಗೆ ಎರಡು ರಗ್ಗು ಹೊದ್ದು ಕೂತ ಗಗನಯಾತ್ರಿಯ ಹಾಗಿದ್ದೆ. ನನಗೇ ನಗು ಬಂತು, ನಕ್ಕರೆ ಗಾಜಿಗೆ ಮಂಜು ಕವಿಯಿತು, ಅದಕ್ಕೆ ಇನ್ನೂ ನಗು ಬಂತು.

ಮೂರು ಗಂಟೆಗೆ ನನ್ನ ಸರದಿ. ಎರಡೂಮುಕ್ಕಾಲಿಗೆ ಮಳೆ ಬಂತು. ಇಲ್ಲಿಯ ಮಧ್ಯಾಹ್ನದ ಮಳೆಗೆ ಮುನ್ಸೂಚನೆ, ಹನಿ, ಜಿನುಗು ಅಂಥದ್ದೇನೂ ಇಲ್ಲ. ಯಾರೋ ಕೊಡಪಾನ ಮಗುಚಿದ ಹಾಗೆ ಬೀಳುತ್ತದೆ. ಹತ್ತು ನಿಮಿಷ ಬಡಿದು ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಸರದಿ ಮುಂದೂಡುತ್ತಾರೆ ಎಂದು ನಾನು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಹಸಿರು ದೀಪ ಹತ್ತಿತು.

ನನ್ನ ಗಂಡ ಕಿಟಕಿಯಲ್ಲಿ ಬಗ್ಗಿ ಬೆಲ್ಟ್ ಬಿಗಿದರು. ಬೆಳಗಿನಿಂದ ತಮಾಷೆ ಮಾಡುತ್ತಿದ್ದ ಮುಖ ಈಗ ಸಪ್ಪಗಿತ್ತು. "ಭಯ ಆದ್ರೆ ತಕ್ಷಣ ಒಳಗೆ ಬಂದುಬಿಡು. ನಂಗೇನೂ ಬೇಜಾರಿಲ್ಲ," ಎಂದರು. ನಾನು ಹೆಲ್ಮೆಟ್ಟಿನ ಗಾಜು ಕೆಳಗೆಳೆದೆ.

ಮೊದಲ ಸುತ್ತಿನಲ್ಲಿ ನನಗೆ ಏನೂ ಕಾಣಲಿಲ್ಲ. ವೈಪರು ಟಕಟಕ ಹೊಡೆದುಕೊಳ್ಳುತ್ತಿತ್ತು. ಮುಂದಿನ ಕಾರುಗಳು ಎಬ್ಬಿಸಿದ ನೀರು ಬಿಳಿ ಪರದೆಯ ಹಾಗೆ ತೂಗುತ್ತಿತ್ತು. ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಕಾರಿನ ಹಿಂಭಾಗ ನನಗೊಂದು ಮಾತೂ ಕೇಳದೆ ಬೇರೆ ಕಡೆ ಹೊರಡುತ್ತಿತ್ತು. ನಮ್ಮೂರಿನ ಮಳೆಗಾಲದ ಕೆಸರು ರಸ್ತೆಯಲ್ಲಿ ಅಪ್ಪನ ಸ್ಕೂಟರ್ ಓಡಿಸಿದ್ದು ಕಾಲಿಗೆ ನೆನಪಾಯಿತು. ಹಿಡಿತ ಸಡಿಲ ಬಿಡು, ಜಗಳ ಆಡಬೇಡ. ಬಿಟ್ಟೆ. ಕಾರು ತಾನಾಗಿ ನೆಟ್ಟಗಾಯಿತು.

ಗೆರೆ ದಾಟಿದ ಕೂಡಲೇ ದೊಡ್ಡ ದನಿಯಲ್ಲಿ ಶುರುಮಾಡಿದೆ. ಎರಡೊಂದ್ಲ ಎರಡು. ಮೊದಲ ಬಲತಿರುವಿಗೆ ಮೂರರ ಮಗ್ಗಿ. ಹೆಲ್ಮೆಟ್ಟಿನೊಳಗೆ ನನ್ನ ದನಿ ಬಚ್ಚಲುಮನೆಯಲ್ಲಿ ಹಾಡಿದಷ್ಟು ಚೆನ್ನಾಗಿ ಕೇಳುತ್ತಿತ್ತು. ಆ ಸುತ್ತಿನಲ್ಲಿ ಹದಿನೈದು ಮುಗಿದರೂ ಗೆರೆ ಬರಲಿಲ್ಲ, ಹದಿನಾರನ್ನು ಅರ್ಧ ಹೇಳಬೇಕಾಯಿತು. ಮುಂದಿನದರಲ್ಲಿ ಅವಸರ ಮಾಡಿ ಹದಿನಾಲ್ಕಕ್ಕೇ ಗೆರೆ ದಾಟಿಬಿಟ್ಟೆ. ನಾಲ್ಕನೆಯದರಿಂದ ಕಾಲೂ ಬಾಯಿಯೂ ಹೊಂದಿಕೊಂಡವು. ಎಡಗಡೆಯ ಉದ್ದ ತಿರುವಿಗೆ ಏಳರ ಮಗ್ಗಿ ಮುಗಿಯಬೇಕು. ಎರಡನೇ ದಿಬ್ಬ ಹತ್ತುವಾಗ ಹತ್ತರದ್ದು, ಅದು ಸುಲಭ, ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಹಿಂದಿನ ನೇರದಾರಿಗೆ ಹದಿಮೂರು.

ಹದಿಮೂರು ಯಾವತ್ತೂ ನನಗೆ ಕೈಕೊಡುವ ಮಗ್ಗಿ. ಐದನೇ ಸುತ್ತಿನಲ್ಲಿ "ಹದಿಮೂರೇಳ್ಲ" ಎಂದು ಹೇಳಿ ಮುಂದೇನೆಂದು ತಡಕಾಡುತ್ತಿದ್ದಾಗ ಎದುರಿಗೆ ರೆಕ್ಕೆಯ ಕಾರೊಂದು ಬುಗುರಿಯಂತೆ ಎರಡು ಸುತ್ತು ತಿರುಗಿ, ಜಾರಿ, ಜಲ್ಲಿಯಲ್ಲಿ ಹೂತುಕೊಂಡು ನಿಂತಿತು. ಹಳದಿ ಬಾವುಟ ಬೀಸಿದರು. ನಾನು ನಿಧಾನವಾಗಿ ಪಕ್ಕದಿಂದ ಸಾಗುವಾಗ ಅದರ ಚಾಲಕ ಬಾಗಿಲು ತೆರೆದು ಕೈಚೆಲ್ಲಿ ಕೂತಿದ್ದ. 'ಕ್ಯೂಟ್' ಎಂದವನೇ. ಆ ಕ್ಷಣದಲ್ಲಿ "ತೊಂಬತ್ತೊಂದು!" ಎಂದು ನೆನಪಾಗಿ ಕಿರುಚಿದೆ. ಆ ಸುತ್ತು ಹಾಳಾಯಿತು, ಹೋಗಲಿ ಎಂದುಕೊಂಡೆ. ನನಗಾಗ ಒಂದು ವಿಚಿತ್ರ ಸಂತೋಷ ಹಿಡಿದಿತ್ತು. ಮಳೆ, ಇಂಗಿನ ಹೊಗೆ, ಕಾಲಲ್ಲಿ ಕುಣಿಯುವ ಕಾರು, ಬಾಯಲ್ಲಿ ಮಗ್ಗಿ. ನಗುತ್ತ ಹೇಳುತ್ತಿದ್ದೆನೋ ಹೇಳುತ್ತ ನಗುತ್ತಿದ್ದೆನೋ. ಬೇಡವೆಂದು ಬೆಳಿಗ್ಗೆ ಸೌಟು ಹಿಡಿದು ಜಗಳ ಮಾಡಿದವಳಿಗೆ ಈಗ ಒಳಗೆ ಬರಲು ಮನಸ್ಸಿರಲಿಲ್ಲ. ಚೌಕಳಿ ಬಾವುಟ ಬೀಸಿದಾಗ 'ಅಯ್ಯೋ, ಇಷ್ಟು ಬೇಗವೇ' ಎನಿಸಿತು.

ಗ್ಯಾರೇಜಿಗೆ ಬಂದು ಇಳಿದರೆ ಕಾಲಿನ ಪಿನ್ನುಗಳು ಬಿಚ್ಚಿಕೊಂಡು ಸೂಟು ಜಾರಿತು. ಎರಡು ಹೆಜ್ಜೆ ಹಾಕಿದ್ದೇ ತಡ, ಮುಗ್ಗರಿಸಿ ಅಣ್ಣೆಯ ಮೇಲೆ ಬಿದ್ದೆ. ಅರ್ಧ ಗಂಟೆ ನೀರು ತುಂಬಿದ ಟ್ರ್ಯಾಕಿನಲ್ಲಿ ಬೀಳದವಳು ಒಣ ನೆಲದಲ್ಲಿ ಬಿದ್ದೆ. ನನ್ನ ಗಂಡ ಎತ್ತಿ ನಿಲ್ಲಿಸಿ, ಬಿಡದೆ ಹಿಡಿದುಕೊಂಡೇ ಇದ್ದರು. "ಏನು ಕೂಗ್ತಾ ಇದ್ದೆ ಒಳಗೆ? ನೇರದಾರಿಯಲ್ಲಿ ಹೋಗುವಾಗ ನಿನ್ನ ಬಾಯಿ ಆಡ್ತಾ ಇದ್ದದ್ದು ಇಲ್ಲಿಗೇ ಕಾಣಿಸ್ತಿತ್ತು. ಯಾರನ್ನೋ ಬೈತಿದೀಯ ಅಂದುಕೊಂಡೆ."

"ಅವಳು ಪಾಠ ಒಪ್ಪಿಸ್ತಿದ್ಲು," ಎಂದರು ಅತ್ತೆ.

ಐದು ಗಂಟೆಗೆ ಫಲಿತಾಂಶ. ಮಳೆಯಿಂದಾಗಿ ಮೂರನೇ ಸರದಿಯ ಎಲ್ಲರ ಲೆಕ್ಕವೂ ತಲೆಕೆಳಗಾಗಿತ್ತು. ಒಣ ರಸ್ತೆಗೆಂದು ಬರೆದುಕೊಟ್ಟ ಸಮಯ ಒದ್ದೆ ರಸ್ತೆಯಲ್ಲಿ ಯಾರಿಗೂ ಕೈಗೆಟುಕಿರಲಿಲ್ಲ. ಹುಲ್ಲು ಕತ್ತರಿಸುವ ಗಾಡಿಯ ಸಮಯ ಬರೆದಿದ್ದವಳು ನಾನೊಬ್ಬಳೇ. ಟೀಮಾಗಿ ನಾವು ನಾಲ್ಕನೆಯವರಾದೆವು. ನನ್ನ ಗಂಡನ ಸರದಿಯ ಅಂಕ ನೋಡಿ ಡಾಕ್ಟರು ಏನೂ ಅನ್ನಲಿಲ್ಲ, ತುಂಬಾ ನಿಧಾನವಾಗಿ ಏನೂ ಅನ್ನಲಿಲ್ಲ. ಆಮೇಲೆ ಮೈಕಿನವರು ದಿನದ ಅತ್ಯಂತ ಕರಾರುವಾಕ್ಕಾದ ಚಾಲಕ ಎಂದು ಹೇಳಿ, ಒಂದು ಹೆಸರನ್ನು ಮೂರು ತುಂಡು ಮಾಡಿ, ಪ್ರತಿ ತುಂಡನ್ನೂ ತಪ್ಪಾಗಿ ಓದಿದರು. ಯಾರಪ್ಪಾ ಎಂದು ನಾನೂ ಚಪ್ಪಾಳೆ ತಟ್ಟುತ್ತ ಸುತ್ತ ನೋಡಿದೆ.

"ನೀನೇ ಕಣೇ!" ಎಂದು ನನ್ನ ಗಂಡ ಬೆನ್ನಿಗೆ ಗುದ್ದಿದರು.

ವೇದಿಕೆಯ ಮೇಲೆ ಮಡಚಿದ ಪ್ಯಾಂಟಿನಲ್ಲಿ ನಿಂತು ಕಪ್ ಎತ್ತಿದೆ. ಕೆಳಗೆ ಅಣ್ಣೆ ಸೀಟಿ ಹೊಡೆದರು. ಬೆಳಗಿನ ಆ ಮಲಯ ಹೆಂಗಸು "ಕಾಕ್! ಕಾಕ್!" ಎಂದು ಕುಣಿದಳು. ಬಟ್ಟೆಯೆಲ್ಲ ಜಲ್ಲಿ ಮೆತ್ತಿಕೊಂಡಿದ್ದ 'ಕ್ಯೂಟ್' ಮಹಾಶಯ ಬಂದು ಕೈ ಕುಲುಕಿ, ನಿಮ್ಮ ಗುಟ್ಟೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅತ್ತೆಯತ್ತ ಕೈ ತೋರಿಸಿ ನಮ್ಮ ಕೋಚ್ ಎಂದೆ. ಅವನು ಸೀರೆ, ಕ್ಯಾನ್ವಾಸ್ ಶೂಗಳನ್ನು ನೋಡಿ, ತಲೆಬಾಗಿ ನಮಸ್ಕರಿಸಿದ. ಅತ್ತೆ ಗಂಭೀರವಾಗಿ ಒಪ್ಪಿಕೊಂಡರು.

ಬರುವಾಗ ಐದೂ ಜನ ಮಾಮಕ್ ಅಂಗಡಿಯೊಂದರಲ್ಲಿ, ಎಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ನಿಂತೆವು. ಮಳೆ ನಿಂತು ಬಿಸಿಲು ಹಳದಿಯಾಗಿ ಬಿದ್ದಿತ್ತು, ರಸ್ತೆಯಿಂದ ಆವಿ ಏಳುತ್ತಿತ್ತು. ಡಾಕ್ಟರು ರೊಟ್ಟಿ ಚನಾಯ್ ಚೂರೊಂದನ್ನು ಸಾರಿನಲ್ಲಿ ಅದ್ದಿ, ಬಾಯಿಗೆ ತಲುಪಿಸುವ ಮುಂಚೆಯೇ ಕೂತಲ್ಲೇ ನಿದ್ದೆಹೋದರು. ಚಹಾ ತಂದವನು ಮೇಜಿನ ಮೇಲಿನ ಕಪ್ ನೋಡಿ ನನ್ನ ಗಂಡನಿಗೆ ಸಲಾಂ ಹೊಡೆದ. ಅವರು ತಲೆಯಾಡಿಸಿ ನನ್ನ ಕಡೆ ತೋರಿಸಿದರು. ಅವನು ನನ್ನನ್ನು ನೋಡಿದ, ಕಪ್ ನೋಡಿದ, ಮತ್ತೆ ನನ್ನನ್ನು ನೋಡಿದ. "ವಾಹ್, ಆಂಟಿ!" ಎಂದು ಹೇಳಿ, ಕಪ್ಪನ್ನು ಎತ್ತಿಕೊಂಡು ಹೋಗಿ ತೊಳೆದು, ತಲೆಯ ಮೇಲಿನಿಂದ ನೊರೆನೊರೆಯಾಗಿ ಚಹಾ ಎಳೆದು ಅದರ ತುಂಬ ಸುರಿದುಕೊಂಡು ಬಂದ.

ಕಪ್ಪಿನ ತಳ ಸೋರುತ್ತಿತ್ತು. ಮೇಜಿನ ಮೇಲೆ ಚಹಾ ಹರಿಯತೊಡಗಿತು. ಅಣ್ಣೆ ಅಡಿಯಲ್ಲಿ ತಟ್ಟೆ ಹಿಡಿದರು, ಅತ್ತೆ ಬೆರಳಿಟ್ಟು ತೂತು ಮುಚ್ಚಿದರು. ಬೇಗ ಬೇಗ ಎನ್ನುತ್ತ ನಾನೂ ನನ್ನ ಗಂಡನೂ ಎರಡು ಕಡೆಯಿಂದ ಬಾಯಿಟ್ಟು, ನಗು ತಡೆಯಲಾರದೆ ಮೂಗಿಗೆಲ್ಲ ಏರಿಸಿಕೊಂಡು, ಕುಡಿದು ಖಾಲಿ ಮಾಡಿದೆವು.